ಒಂಬತ್ತನೇ ಕಾಲಮ್ಮಿನ ಹೆಸರು

ಡೋಣಿ ಸೀಮೆಯಲ್ಲಿ ಕನ್ಯೆ ಕೊಡುವವರು ವರನ ಓದಿಗಿಂತ ಮೊದಲು ಕೇಳುತ್ತಿದ್ದದ್ದು "ಹೊಲಾ ಎಷ್ಟ ಕೂರಿಗಿ ಐತಿ?" ಎಂದು. ಎತ್ತು ಹೂಡಿ ಒಂದು ಕೂರಿಗೆಯಿಂದ ದಿನವೊಂದರಲ್ಲಿ ಬಿತ್ತಬಹುದಾದಷ್ಟು ನೆಲ ಒಂದು ಕೂರಿಗಿ. ಅಳತೆ ಊರಿಂದೂರಿಗೆ ತುಸು ಬೇರೆ, ಸಾಮಾನ್ಯ ಲೆಕ್ಕಕ್ಕೆ ನಾಲ್ಕು ಎಕರೆ. ಅಷ್ಟಕ್ಕೇ ಬೀಗರಾಗುವವರ ವಿಚಾರಣೆ ಮುಗಿಯುತ್ತಿರಲಿಲ್ಲ. ಬಾವಿ ಇದೆಯೇ, ಎತ್ತು ಎಷ್ಟು ಜೋಡಿ, ಹಗೇವಿನಲ್ಲಿ ಜೋಳ ಎಷ್ಟಿದೆ, ಅಣ್ಣತಮ್ಮಂದಿರು ಎಷ್ಟು ಮಂದಿ, ಹೊಲದ ಮೇಲೆ ಯಾರ ಸಾಲವಿದೆ? ಉತ್ತರ ಕೇಳಿ, ಮರುದಿನ ಬೇರೆ ಯಾವುದೋ ನೆಪ ಮಾಡಿಕೊಂಡು ಆ ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದರು.

ಈಗ ಅದೇ ವಿಚಾರಣೆ ಕಡಲಾಚೆ ನಡೆಯುತ್ತದೆ. ಅಮೆರಿಕದ ಪೌರತ್ವ ಪಡೆದ ಹುಡುಗನೊಬ್ಬ ಸಾರವಾಡದ ಕಡೆಯ ಹುಡುಗಿಯನ್ನು ಲಗ್ನವಾದನೆಂದುಕೊಳ್ಳಿ. ಅವಳಿಗೆ ಅಲ್ಲಿ ಕಾಯಂ ವಾಸದ ಹಕ್ಕು, ಅಂದರೆ ಗ್ರೀನ್ ಕಾರ್ಡ್, ಸಿಗುವ ಮೊದಲು ಅವನ ಗಳಿಕೆಯ ಕಾಗದಗಳು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್ ಊರಿನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್ ಮುಂದೆ ಹೋಗಬೇಕು. ಆಮೇಲೆ ಸಂದರ್ಶನ. ಐ-864 ಎಂಬ ಅಲ್ಲಿನ ಫಾರ್ಮು ಕೇಳುವುದು ಇಷ್ಟು: ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ, ವರ್ಷದ ಆದಾಯ ಎಷ್ಟು, ಆದಾಯ ಸಾಲದಿದ್ದರೆ ಆಸ್ತಿ ಏನಿದೆ, ಆ ಆಸ್ತಿಯ ಮೇಲೆ ಸಾಲ ಎಷ್ಟಿದೆ. ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರೂ ಇದನ್ನೇ ಕೇಳುತ್ತಿದ್ದರು. ಆದರೆ ಹಿರಿಯರಿಗೆ ಹೊಲ ಕಣ್ಣಿಗೆ ಕಾಣುತ್ತಿತ್ತು. ದೂರದ ಕಚೇರಿಗೆ ಕಾಣುವುದು ಕಾಗದ ಮಾತ್ರ. ಆ ಕಾಗದಕ್ಕೆ ಈ ನೆಲದಲ್ಲಿ ಉದ್ದನೆಯ ಇತಿಹಾಸವಿದೆ, ಅದರಲ್ಲಿ ಬಹುಕಾಲ ಬರೆಯದೆ ಬಿಟ್ಟ ಹೆಸರೊಂದಿದೆ.

ಸಾರವಾಡ ಇರುವುದು ವಿಜಯಪುರದಿಂದ ಬಬಲೇಶ್ವರದತ್ತ ಹೋಗುವ ಕಡೆ, ಡೋಣಿ ಹೊಳೆಯ ಎರೆಭೂಮಿಯಲ್ಲಿ. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಸವಳು. ದಂಡೆಯ ಕರಿಮಣ್ಣು ಮಾತ್ರ ಹಸಿ ಹಿಡಿದರೆ ಹಿಂಗಾರಿಯ ಬಿಳಿಜೋಳವನ್ನು ಒಂದೂ ಮಳೆ ಬೇಡದೆ ಬೆಳೆಸಬಲ್ಲದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹುಟ್ಟಿದ್ದು ಇದರಿಂದ. ಹಸಿ ಸಿಗದ ವರ್ಷ ಅದೇ ಓಣಿಯ ಜನ ಗಂಟುಮೂಟೆ ಕಟ್ಟಿ ಸೊಲ್ಲಾಪುರದ ಗಿರಣಿಗೋ, ಗೋವಾ ಮುಂಬೈಗಳ ಕೂಲಿಗೋ ಹೊರಡುತ್ತಿದ್ದರು. ಹೀಗಾಗಿ ಊರು ಬಿಟ್ಟು ಬದುಕುವುದು ಇಲ್ಲಿ ಕಂಪ್ಯೂಟರ್ ಕಾಲದ ಸಂಗತಿಯಲ್ಲ. ಹೊರಡುವವರ ಕೈಯಲ್ಲಿ ಕಾಗದವಿರಬೇಕು ಎಂಬುದು ಮಾತ್ರ ಹೊಸದು.

ಊರಿನ ಲೆಕ್ಕದ ಕಾಗದ ಊರಿನವರ ಭಾಷೆಯಲ್ಲಿ ಇದ್ದದ್ದು ಕಡಿಮೆ. ಬಿಜಾಪುರದ ಆಸ್ಥಾನದಲ್ಲೇ ಕೂತು ಇತಿಹಾಸ ಬರೆದ ಫಿರಿಸ್ತಾ ಒಂದು ಮಾತು ದಾಖಲಿಸಿದ್ದಾನೆ: 1534ರಿಂದ 1558ರವರೆಗೆ ಆಳಿದ ಮೊದಲನೇ ಇಬ್ರಾಹಿಂ ಆದಿಲಶಾಹ ಕಂದಾಯದ ಲೆಕ್ಕವನ್ನು ಪಾರಸಿಯಿಂದ ಬಿಡಿಸಿ ಹಿಂದವಿಗೆ ತಂದ, ಬ್ರಾಹ್ಮಣ ಲೆಕ್ಕಿಗರಿಗೆ ಒಪ್ಪಿಸಿದ. ಪಾರಸಿ ಹೋದರೂ ಬಂದದ್ದು ಕನ್ನಡವಲ್ಲ. ಮುಂದೆ ಮರಾಠರ ಆಳಿಕೆಯಲ್ಲಿ ಮೋಡಿ ಲಿಪಿ ಬಂತು. ಪೇಶ್ವೆಯ ರಾಜ್ಯ 1818ರಲ್ಲಿ ಬಿದ್ದ ಮೇಲೂ ಚಾವಡಿಯ ಕಟ್ಟುಗಳಲ್ಲಿ ಮೋಡಿ ಬಹಳ ಕಾಲ ಉಳಿಯಿತು. ಕನ್ನಡ ಮಾತಾಡುವ ಒಕ್ಕಲಿಗ ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು ಕುಲಕರ್ಣಿಯ ಬಾಯಿ ನೋಡಬೇಕಿತ್ತು. ಮನೆತನದ ಬದುಕನ್ನು ಕೇಳುವವರ ಭಾಷೆಗೆ ಇಳಿಸಿಕೊಡುವ ಕಸುಬು ಆಗಿನಿಂದಲೂ ಇದೆ. ಕುಲಕರ್ಣಿಯ ಜಾಗಕ್ಕೆ ಮುಂದೆ ಬಾಂಡ್ ರೈಟರ್ ಬಂದ, ವಕೀಲ ಬಂದ, ಈಗ ಚಾರ್ಟರ್ಡ್ ಅಕೌಂಟೆಂಟ್ ಬಂದಿದ್ದಾನೆ.

ಇಂದಿನ ಉತಾರದ, ಅಂದರೆ ಹೊಲದ ಪಹಣಿಯ, ಬೇರು ಇರುವುದು ಮುಂಬೈ ಸರಕಾರದ ಭೂಮಾಪನದಲ್ಲಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಶುರು ಮಾಡಿದ ಪದ್ಧತಿ ದಕ್ಷಿಣಕ್ಕೆ ಇಳಿದು ಕನ್ನಡ ಜಿಲ್ಲೆಗಳನ್ನೂ ಮುಟ್ಟಿತು. 1847ರ ಜಂಟಿ ವರದಿಯಲ್ಲಿ ಅದರ ನಿಯಮಗಳು ಗಟ್ಟಿಯಾದವು. ಸರಪಳಿ ಹಿಡಿದು ಅಳೆದರು, ಕಲ್ಲು ನೆಟ್ಟರು. ಕೂರಿಗಿ ಹೋಗಿ ಎಕರೆ ಗುಂಟೆ ಬಂತು. ಪ್ರತಿ ಹೊಲಕ್ಕೊಂದು ಸರ್ವೆ ನಂಬರು, ಮಣ್ಣಿನ ಗುಣ ನೋಡಿ ಕಟ್ಟಿದ ಆಕಾರ (ಕಂದಾಯ), ಆ ಆಕಾರ ತುಂಬುವವನೆಂದು ಒಂದು ಹೆಸರು. ಹೊಲ ಯಾರ ಬೆವರಿನಿಂದ ಬೆಳೆಯುತ್ತದೆ ಎಂಬುದು ಸರಕಾರಕ್ಕೆ ಬೇಕಿರಲಿಲ್ಲ, ತೆರಿಗೆಗೆ ಯಾರನ್ನು ಹಿಡಿಯಬೇಕು ಎಂಬುದು ಬೇಕಿತ್ತು. ಸಹಜವಾಗಿ ಮನೆಯ ಹಿರಿಯ ಗಂಡಸಿನ ಹೆಸರು ಅಲ್ಲಿ ಕೂತಿತು. ಸಾಲು ಹಿಡಿದು ಕಳೆ ತೆಗೆದವಳು, ತೆನೆ ಮುರಿದವಳು, ಹಗೇವಿಗೆ ಜೋಳ ತುಂಬಿದವಳು ಆ ಪುಸ್ತಕಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಅವಳ ಗಂಡ ಸಾಯಬೇಕಿತ್ತು.

ಈ ಸೀಮೆ ಆಗ ಸೇರಿದ್ದ ಕಲಾದಗಿ ಜಿಲ್ಲೆಯನ್ನು 1876-78ರ ಬರ ಹಿಂಡಿ ಹಾಕಿತು. ಸಾಲಕ್ಕೆ ಹೊಲ ಹೋದ ಕಾಲ ಅದು. ಹೊಲದ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂದು ಬರೆದಿಡುವ ಪುಸ್ತಕವೇ ಇಲ್ಲವಲ್ಲ ಎಂಬ ಕೊರತೆ ಆಮೇಲೆ ಸರಕಾರಕ್ಕೂ ಕಂಡಿತು. 1903ರ ಕಾಯ್ದೆಯಿಂದ ಮುಂಬೈ ಪ್ರಾಂತದಲ್ಲಿ ಹಕ್ಕುದಾಖಲೆ, ಅಂದರೆ ರೆಕಾರ್ಡ್ ಆಫ್ ರೈಟ್ಸ್, ಬಂತು. ಖರೇದಿಯಾದರೆ, ವಾಟ್ನಿಯಾದರೆ, ಹಿರಿಯ ತೀರಿಕೊಂಡು ವಾರ್ಸಾ ಆದರೆ ನಮೂದು ಹಾಕಬೇಕು. ಆ ನಮೂದಿಗೆ ಈ ಭಾಗದ ಜನ ಇವತ್ತಿಗೂ 'ಡೈರಿ' ಎನ್ನುತ್ತಾರೆ. ಕುಲಕರ್ಣಿ ವತನವನ್ನು ಮುಂಬೈ ಸರಕಾರ 1950ರ ಕಾಯ್ದೆಯಿಂದ ರದ್ದು ಮಾಡಿತು, ಪುಸ್ತಕ ತಲಾಟಿಯ ಕೈಗೆ ಬಂತು. 1974ರ ಭೂಸುಧಾರಣೆಯಲ್ಲಿ ಫಾರ್ಮ್ ನಂಬರ್ 7 ತುಂಬಿದ ಗೇಣಿದಾರರು ಒಡೆಯರಾದರು. ಆಗಲೂ ಫಾರ್ಮು ತುಂಬಿದವರಲ್ಲಿ ಹೆಚ್ಚಿನವರು ಗಂಡಸರೇ.

ಲಗ್ನಕ್ಕೂ ಒಂದು ಲೆಕ್ಕದ ಕಾಗದ ಇತ್ತು. ಅದೇ ಯಾದಿ. ಎರಡೂ ಕಡೆಯ ಹಿರಿಯರು ಕೂತು, ಹುಡುಗನ ಕಡೆಯವರು ಇಷ್ಟು ತೊಲ ಬಂಗಾರ ಹಾಕಬೇಕು, ಹುಡುಗಿಯ ಕಡೆಯವರು ಇಷ್ಟು ಅರಿವೆ, ಇಷ್ಟು ಸಾಮಾನು ಕೊಡಬೇಕು, ಊಟದ ಖರ್ಚು ಯಾರದು ಎಂದು ಬರೆಸಿ, ಅರಿಷಿಣ ಕುಂಕುಮ ಹಚ್ಚಿ, ಸಹಿ ಹಾಕುವ ಪಟ್ಟಿ. ಖರ್ಚು ಬೇಡವೆಂದವರು ಯಾದಿ ಬರೆದ ದಿನವೇ ಅಕ್ಕಿಕಾಳು ಹಾಕಿ ಮುಗಿಸುತ್ತಿದ್ದರು, ಅದಕ್ಕೆ 'ಯಾದಿ ಮೇಲೆ ಶಾದಿ' ಎಂಬ ಹೆಸರು. ಗಂಡ ಹೆಂಡಿರ ಬದುಕಿಗೆ ಯಾರು ಏನು ಹೊಂದಿಸುತ್ತಾರೆ ಎಂದು ಬರೆದ ಮೊದಲ ದಾಖಲೆ ಇದು ಎನ್ನಬಹುದು. ಆದರೆ ಯಾದಿ ಬರಬರುತ್ತ ವರದಕ್ಷಿಣೆಯ ಕರಾರುಪತ್ರವಾಯಿತು ಎಂಬುದನ್ನು ಮುಚ್ಚಿಡಬಾರದು. ವರದಕ್ಷಿಣೆಯನ್ನು 1961ರ ಕಾಯ್ದೆ ಅಪರಾಧವೆಂದಿತು. 1985ರಲ್ಲಿ ಬಂದ ನಿಯಮಗಳು, ವಧುವಿಗೆ ಮತ್ತು ವರನಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬೇರೆಬೇರೆಯಾಗಿ ಬರೆದಿಡಬೇಕು, ವಧುವಿನ ಪಟ್ಟಿ ವಧುವಿನ ಬಳಿಯೇ ಇರಬೇಕು ಎಂದವು. ಈ ನಿಯಮ ಪಾಲಿಸುವ ಮನೆಗಳು ತೀರ ಕಡಿಮೆ. ಪಾಲಿಸಿದ್ದರೆ ಅದೆಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ತಮ್ಮದೆನ್ನುವ ಒಂದಾದರೂ ಆಸ್ತಿಪತ್ರ ಇರುತ್ತಿತ್ತು.

ಕಡಲಾಚೆಯ ದೇಶಗಳು ಬರುವವರ ಜೇಬು ತಡವಲು ಶುರು ಮಾಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅಮೆರಿಕದ 1882ರ ವಲಸೆ ಕಾಯ್ದೆ ಪ್ರತಿ ಪ್ರಯಾಣಿಕನ ತಲೆಗೆ ಐವತ್ತು ಸೆಂಟ್ ತೆರಿಗೆ ಹಾಕಿತು, ತನ್ನನ್ನು ತಾನು ಸಾಕಿಕೊಳ್ಳಲಾಗದೆ ಸರಕಾರದ ಮೇಲೆ ಭಾರವಾಗುವವರನ್ನು ಒಳಗೆ ಬಿಡಬೇಡಿ ಎಂದಿತು. ಕೆನಡಾ 1908ರಲ್ಲಿ ಇನ್ನೂ ಕಟುವಾಗಿ ನಡೆದುಕೊಂಡಿತು. ಬೇರೆಯವರಿಗೆ 25 ಡಾಲರ್ ಸಾಕಾಗುತ್ತಿದ್ದಲ್ಲಿ ಹಿಂದೂಸ್ಥಾನದಿಂದ ಬಂದವರು 200 ಡಾಲರ್ ತೋರಿಸಬೇಕು, ಅದೂ ಹೊರಟ ದೇಶದಿಂದ ಎಲ್ಲೂ ನಿಲ್ಲದ ಒಂದೇ ಪ್ರಯಾಣದಲ್ಲಿ ಬಂದಿರಬೇಕು. ಅಂಥ ಹಡಗೇ ಇರಲಿಲ್ಲ. ಮೊದಲೇ ಅಲ್ಲಿ ನೆಲೆಸಿದ್ದ ಪಂಜಾಬಿನ ಗಂಡಸರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಹೋರಾಡಿ, 1919ರಲ್ಲಷ್ಟೇ ಆ ಅನುಮತಿ ಪಡೆದರು.

ಹಣವಿದ್ದರೂ ಮದುವೆಯೇ ಸಲ್ಲುವುದಿಲ್ಲ ಎಂದ ದೇಶವೂ ಉಂಟು. 1913ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾದ ನ್ಯಾಯಮೂರ್ತಿ ಸರ್ಲ್ ಕೊಟ್ಟ ತೀರ್ಪು ಕ್ರೈಸ್ತ ವಿಧಿಯಲ್ಲಿ ನಡೆಯದ, ನೋಂದಣಿಯಾಗದ ಮದುವೆಗಳನ್ನು ಕಾನೂನಿನ ಹೊರಗಿಟ್ಟಿತು. ಗಾಂಧಿಯವರ ಸತ್ಯಾಗ್ರಹಕ್ಕೆ ಹೆಂಗಸರು ಇಳಿದದ್ದು, ಕಸ್ತೂರಬಾ ಸೆರೆಮನೆಗೆ ಹೋದದ್ದು ಇದರಿಂದಲೇ. ಮರುವರ್ಷದ ಕಾಯ್ದೆ ಆ ಅವಮಾನವನ್ನು ಸರಿಪಡಿಸಿತು. ತಾಳಿ ಕಟ್ಟಿದ್ದಕ್ಕೆ ಊರೇ ಸಾಕ್ಷಿ ಎಂಬ ನಂಬಿಕೆ ಕಡಲು ದಾಟಿದರೆ ನಡೆಯುವುದಿಲ್ಲ ಎಂದು ಭಾರತೀಯರಿಗೆ ಮನದಟ್ಟಾದದ್ದು ಆಗ. ಕರ್ನಾಟಕದಲ್ಲಿ ಎಲ್ಲ ಮದುವೆಗಳ ನೋಂದಣಿಗೆ ಕಾಯ್ದೆ ಮಾಡಿದ್ದು 1976ರಲ್ಲಿ.

ಅಮೆರಿಕದ ನಿಯಮ ಬಿಗಿಯಾದದ್ದು ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ. 1930ರ ಸೆಪ್ಟೆಂಬರಿನಲ್ಲಿ ಹೂವರ್ ಸರಕಾರ 'ಭಾರವಾಗಬಹುದು' ಎಂಬ ಮಾತಿನ ಅರ್ಥವನ್ನು ಹಿಗ್ಗಿಸಿ ವೀಸಾ ನಿರಾಕರಿಸಲು ಹೇಳಿತು. ಅಲ್ಲಿರುವ ಬಂಧುಗಳು ಪೋಷಣೆಯ ಪ್ರಮಾಣಪತ್ರ ಕೊಡುವ ರೂಢಿಗೆ ಆಗ ಬಲ ಬಂತು. ಬಹುಕಾಲ ಅದು ನೈತಿಕ ಭರವಸೆಯಾಗಿಯೇ ಇತ್ತು, ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. 1996ರ ಕಾಯ್ದೆ ಅದನ್ನು ಕರಾರು ಮಾಡಿತು, 1997ರ ಡಿಸೆಂಬರ್ 19ರಿಂದ ಐ-864 ಜಾರಿಗೆ ಬಂತು. ಪ್ರಾಯೋಜಕನ, ಅಂದರೆ ಕರೆಸಿಕೊಳ್ಳುವವನ, ಆದಾಯ ಬಡತನದ ಗೆರೆಯ ಶೇ. 125ರಷ್ಟಿರಬೇಕು. ಇಬ್ಬರ ಮನೆಗೆ 2025ರ ಲೆಕ್ಕದಲ್ಲಿ ಅದು 26,437 ಡಾಲರ್. ಸಹಿ ಹಾಕಿದವನ ಹೊಣೆ ಸಂಗಾತಿ ಪೌರತ್ವ ಪಡೆಯುವವರೆಗೆ, ಇಲ್ಲವೆ ಸುಮಾರು ಹತ್ತು ವರ್ಷದ ದುಡಿಮೆ ಖಾತೆಗೆ ಸೇರುವವರೆಗೆ, ಇಲ್ಲವೆ ದೇಶ ಬಿಡುವವರೆಗೆ ಇರುತ್ತದೆ. ವಿಚ್ಛೇದನದಿಂದ ಅದು ತಪ್ಪುವುದಿಲ್ಲ. ಬಿಟ್ಟುಹೋದ ಗಂಡನ ಮೇಲೆ ಹೆಂಡತಿ ಈ ಕಾಗದ ಹಿಡಿದೇ ಕೋರ್ಟಿಗೆ ಹೋಗಬಹುದು. ಮದುವೆಯಾಗಿ ಹೊರಡುವ ನಮ್ಮ ಹುಡುಗಿಯರಲ್ಲಿ ಇದನ್ನು ತಿಳಿದವರು ಎಷ್ಟು ಮಂದಿ? ಇದರ ಒಂದು ಪ್ರತಿ ಅವರ ಪೆಟ್ಟಿಗೆಯಲ್ಲಿ ಇರಲೇಬೇಕು.

ಬೇರೆ ದೇಶಗಳ ದಾರಿ ಬೇರೆ. ಬ್ರಿಟನ್ 2012ರ ಜುಲೈಯಲ್ಲಿ ವರ್ಷಕ್ಕೆ 18,600 ಪೌಂಡ್ ಆದಾಯದ ಗೆರೆ ಎಳೆದು, 2024ರ ಏಪ್ರಿಲ್ 11ರಂದು ಅದನ್ನು 29,000ಕ್ಕೆ ಏರಿಸಿತು. ಅಲ್ಲಿ ಹೊಲದ ಬೆಲೆಗೆ ಲೆಕ್ಕವಿಲ್ಲ, ಮಾರಿ ಬಂದ ಹಣ ಖಾತೆಯಲ್ಲಿರಬೇಕು. ಆಸ್ಟ್ರೇಲಿಯಾ ಗಳಿಕೆಗಿಂತ ಗಂಡ ಹೆಂಡಿರು ಹಣವನ್ನು ಹೇಗೆ ಹಂಚಿಕೊಂಡು ಬಾಳುತ್ತಾರೆ ಎಂಬುದನ್ನು ನೋಡುತ್ತದೆ. ಗಳಿಸಿದ್ದೆಲ್ಲ ಅವ್ವನ ಟ್ರಂಕಿಗೆ ಸೇರುವ ಕೂಡುಕುಟುಂಬದ ಜೋಡಿಗೆ ಜಂಟಿ ಖಾತೆಯ ಪಾಸ್‌ಬುಕ್ ತೋರಿಸುವುದು ಸುಲಭವಲ್ಲ.

ಮತ್ತೆ ಸಾರವಾಡಕ್ಕೆ ಬಂದರೆ, ಕಷ್ಟ ಶುರುವಾಗುವುದು ಊರಿನ ವಿಳಾಸದಿಂದಲೇ. ಹೊಲ ಇದ್ದಲ್ಲೇ ಇದೆ, ಅದರ ಸುತ್ತಲಿನ ಹೆಸರುಗಳು ಮಾತ್ರ ಓಡಾಡಿವೆ. ಮುತ್ತಜ್ಜನ ಕಾಲಕ್ಕೆ ಅದು ಕಲಾದಗಿ ಜಿಲ್ಲೆ. ಜಿಲ್ಲಾ ಕಚೇರಿ 1885ರಲ್ಲಿ ಬಿಜಾಪುರಕ್ಕೆ ಬಂತು. 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯ, ಆಮೇಲೆ ಮೈಸೂರು, 1973ರಿಂದ ಕರ್ನಾಟಕ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಕೆಲವೇ ವರ್ಷಗಳಲ್ಲಿ ಬಬಲೇಶ್ವರ ಹೊಸ ತಾಲ್ಲೂಕಾಯಿತು. ಜನ್ಮದಾಖಲೆಯಲ್ಲಿ ಬಿಜಾಪುರ ತಾಲ್ಲೂಕು, ಪಾಸ್‌ಪೋರ್ಟಿನಲ್ಲಿ ವಿಜಯಪುರ ಜಿಲ್ಲೆ, ಇಂದಿನ ಉತಾರದಲ್ಲಿ ಬಬಲೇಶ್ವರ ತಾಲ್ಲೂಕು. ಮೂರೂ ಒಂದೇ ಊರು ಎಂದು ಪೋರ್ಟ್ಸ್‌ಮತ್‌ನಲ್ಲಿ ಕೂತವರಿಗೆ ಒಂದು ಪತ್ರದಲ್ಲಿ ಬಿಡಿಸಿ ಹೇಳಬೇಕಾಗುತ್ತದೆ.

ಬ್ಯಾಂಕಿನದೂ ಇದೇ ಕಥೆ. ಈ ಸೀಮೆಗೆ ಬ್ಯಾಂಕಿನ ರೂಢಿ ಹಳೆಯದು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ವಚನ ಸಂಶೋಧನೆಗೆ ಬದುಕು ತೆತ್ತ ಫ. ಗು. ಹಳಕಟ್ಟಿಯವರು 1912ರಲ್ಲಿ ಬಿಜಾಪುರದಲ್ಲಿ ಸಿದ್ಧೇಶ್ವರ ಬ್ಯಾಂಕು ತೆರೆದರು. ಆಮೇಲೆ ಹಳ್ಳಿಗಳಿಗೆ ಬಿಜಾಪುರ ಗ್ರಾಮೀಣ ಬ್ಯಾಂಕು ಬಂತು. ಅದು 2005ರಲ್ಲಿ ಧಾರವಾಡ ಕೇಂದ್ರದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು, 2025ರ ಮೇ 1ರಂದು ಅದೂ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಹಳೆಯ ಠೇವಣಿ ರಸೀದಿ, ನಡುವಿನ ಪಾಸ್‌ಬುಕ್, ಹೊಸ ಸ್ಟೇಟ್‌ಮೆಂಟ್ ಮೂರರಲ್ಲೂ ಬೇರೆ ಬೇರೆ ಹೆಸರು. ವಿಲೀನದ ಬಗ್ಗೆ ಶಾಖೆಯಿಂದ ಒಂದು ಪತ್ರ ಬರೆಸಿಕೊಳ್ಳುವುದು ಜಾಣತನ.

ಇನ್ನು ಆದಾಯ. ತಿಕೋಟಾ ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ನೆಟ್ಟು, ಮನೂಕ ಒಣಗಿಸಿ, ತಾಸಗಾವ ಸಾಂಗಲಿಯ ಪೇಟೆಗೆ ಒಯ್ದು ಲಕ್ಷಗಟ್ಟಲೆ ಎಣಿಸಿದ ರೈತನ ಹತ್ತಿರ ಆದಾಯ ತೆರಿಗೆಯ ರಿಟರ್ನ್ ಇರುವುದಿಲ್ಲ. ಬೇಸಾಯದ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ. ಅವನ ಗಳಿಕೆಗೆ ಇರುವ ಸಾಕ್ಷಿ ಅಡತಿ ಅಂಗಡಿಯ ಪಟ್ಟಿ, ತೂಕದ ಚೀಟಿ, ಬ್ಯಾಂಕಿಗೆ ಬಿದ್ದ ಜಮೆ. ಮೂರನ್ನೂ ವರ್ಷವಾರು ಜೋಡಿಸಿಟ್ಟವರ ಕೆಲಸ ಹಗುರ. ಉಳಿದವರಿಗೆ ಚಾರ್ಟರ್ಡ್ ಅಕೌಂಟೆಂಟ್ ಕೊಡುವ ನಿವ್ವಳ ಆಸ್ತಿ ಪ್ರಮಾಣಪತ್ರವೇ ದಿಕ್ಕು. 2019ರ ಫೆಬ್ರುವರಿಯಿಂದ ಅಂಥ ಪ್ರತಿ ಪ್ರಮಾಣಪತ್ರದ ಮೇಲೆ 18 ಅಂಕಿಯ ಯುಡಿಐಎನ್ ಇರಬೇಕು. ಆ ಸಂಖ್ಯೆ ಹಾಕಿ ಯಾರು ಬೇಕಾದರೂ ಅದರ ಸಾಚಾತನ ಪರೀಕ್ಷಿಸಬಹುದು.

ಅಮೆರಿಕದ ಫಾರ್ಮು ಆಸ್ತಿಯನ್ನು ಒಪ್ಪುವ ರೀತಿಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಬ್ಬರ ಮನೆಗೆ ಬೇಕಾದ ಆದಾಯಕ್ಕಿಂತ ಪ್ರಾಯೋಜಕನದು 6,000 ಡಾಲರ್ ಕಡಿಮೆ ಬಿತ್ತು ಎನ್ನೋಣ. ಅವನು ಪೌರನಾಗಿದ್ದು ಸಂಗಾತಿಗಾಗಿ ಅರ್ಜಿ ಹಾಕಿದ್ದರೆ ಕೊರತೆಯ ಮೂರು ಪಟ್ಟು, ಅಂದರೆ 18,000 ಡಾಲರಿನ ಆಸ್ತಿ ತೋರಿಸಬೇಕು. ಗ್ರೀನ್ ಕಾರ್ಡ್ ಮಾತ್ರ ಇರುವವನಾದರೆ ಐದು ಪಟ್ಟು, 30,000. ಆಸ್ತಿ ಒಂದು ವರ್ಷದೊಳಗೆ ನಗದಾಗುವಂತಿರಬೇಕು, ಸಾಲ ಕಳೆದು ಉಳಿದ ಬೆಲೆಯಷ್ಟೇ ಲೆಕ್ಕಕ್ಕೆ. ಆ ಸಾಲ ಉತಾರದ 11ನೇ ಕಾಲಮ್ಮಿನಲ್ಲೇ ಕೂತಿರುತ್ತದೆ, ಊರವರು ಅದಕ್ಕೆ ಬೋಜಾ ಎನ್ನುತ್ತಾರೆ. ಸೊಸೈಟಿಯ ಸಾಲ ತೀರಿಸಿ ಹತ್ತು ವರ್ಷವಾದರೂ ಬೋಜಾ ಕಡಿಮೆ ಮಾಡಿಸದೆ ಬಿಟ್ಟ ಉತಾರಗಳು ಉಂಟು. ಹೊಲ ನಗದಾಗುವ ಮಾತೂ ಮೊದಲು ಸರಳವಾಗಿರಲಿಲ್ಲ. ಒಕ್ಕಲುತನದವರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ಕರ್ನಾಟಕದಲ್ಲಿ ಇದ್ದ ತಡೆ ಸಡಿಲಾದದ್ದು 2020ರ ತಿದ್ದುಪಡಿಯಿಂದ.

ಈ ನಿಯಮದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಮಾತಿದೆ. ಕೊರತೆ ತುಂಬಲು ಪ್ರಾಯೋಜಕನ ಆಸ್ತಿಯೇ ಆಗಬೇಕೆಂದಿಲ್ಲ, ಹೊರಟು ನಿಂತ ಸಂಗಾತಿಯ ಸ್ವಂತ ಆಸ್ತಿಯೂ ಸಲ್ಲುತ್ತದೆ. ಅವಳ ಹೆಸರಿನ ಹೊಲ, ಅವಳ ಹೆಸರಿನ ಠೇವಣಿ ಅವಳ ದಾರಿಯನ್ನು ತೆರೆಯಬಲ್ಲವು.

ಅವಳ ಹೆಸರು ಎಲ್ಲಿದೆ?

ಉತಾರದ 9ನೇ ಕಾಲಂ ಒಡೆಯರ ಹೆಸರಿನದು. ಕೈಬರಹದ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ಒಟ್ಟುಗೂಡಿಸಿತು. ಅಕ್ಷರ ಸ್ವಚ್ಛವಾಯಿತು, ಆದರೆ ಹೆಸರುಗಳು ಹಳೆಯವೇ. ಎಷ್ಟೋ ಮನೆಗಳಲ್ಲಿ ಅಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿದೆ. ಹೆಣ್ಣುಮಕ್ಕಳಿಗೆ ಕಾನೂನು ಹಕ್ಕು ಕೊಡದೆ ಬಿಟ್ಟಿಲ್ಲ. ಮದುವೆಯಾಗದ ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರ ಜುಲೈ 30ರಂದೇ ಹೇಳಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯಾದವಳನ್ನೂ ಒಳಗೊಂಡಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೂ ವಾರ್ಸಾ ಹಾಕುವ ದಿನ ಅಕ್ಕತಂಗಿಯರನ್ನು ಕರೆಸಿ, ಉಡಿ ತುಂಬಿ, ಸೀರೆ ಕೊಟ್ಟು, ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ಉತ್ತರ ಕರ್ನಾಟಕದಲ್ಲಿ ನಿಂತಿಲ್ಲ. ತವರಿನ ದಾರಿ ಮುಚ್ಚಬಾರದು ಎಂಬ ಅಂಜಿಕೆಯಿಂದ ಅವರು ಸಹಿ ಹಾಕುತ್ತಾರೆ. ಇದು ಅನ್ಯಾಯ. ಪ್ರೀತಿಯ ಹೆಸರಿನಲ್ಲಿ ನಡೆದರೂ ಅನ್ಯಾಯವೇ.

ತೀರಿಕೊಂಡವರ ಹೆಸರಿನ ಉತಾರಗಳನ್ನು ವಾರಸುದಾರರ ಹೆಸರಿಗೆ ಮಾಡುವ ಇ-ಪೌತಿ ಕೆಲಸ 2025ರಲ್ಲಿ ರಾಜ್ಯದಲ್ಲೆಲ್ಲ ಶುರುವಾಗಿದೆ. ಗ್ರಾಮ ಆಡಳಿತಾಧಿಕಾರಿ ವಂಶಾವಳಿ ಕೇಳಲು ಮನೆ ಬಾಗಿಲಿಗೆ ಬಂದಾಗ ಸಾರವಾಡದ, ಬಬಲೇಶ್ವರದ, ತಿಕೋಟಾದ ಅಪ್ಪಂದಿರು, ಅಣ್ಣಂದಿರು ಹೆಣ್ಣುಮಕ್ಕಳ ಹೆಸರನ್ನೂ ಹೇಳಿ ಬರೆಸಬೇಕು. ಮಗಳು ವಿಜಯಪುರದಲ್ಲಿರಲಿ, ವರ್ಜೀನಿಯಾದಲ್ಲಿರಲಿ, 9ನೇ ಕಾಲಮ್ಮಿನಲ್ಲಿ ಅವಳಿಗೂ ಜಾಗವಿದೆ.